ಸ್ಕೋಪಿನೊಳಗಿನ ಗೆರೆಗಳು: ದೂರ ಅಳೆಯುವುದು, ಎತ್ತಿ ಹಿಡಿಯುವುದು

(ತುಮಕೂರಿನಲ್ಲಿ ಏರ್ ರೈಫಲ್ ಮತ್ತು ಪಾಯಿಂಟ್ ಟೂ-ಟೂ (0.22 ಇಂಚಿನ ನಳಿಗೆಯ) ರೈಫಲ್ ಅಭ್ಯಾಸ ಮಾಡುತ್ತಿರುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸ್ಕೋಪ್, ಅಂದರೆ ಗನ್ನಿನ ಮೇಲೆ ಕೂರಿಸುವ ದುರ್ಬೀನು, ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಎಕ್ಸ್?" (ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?) ಅಂತ. ಲೆನ್ಸ್ ಎಷ್ಟು ದೊಡ್ಡದು, ಲೈಟ್ ಇದೆಯಾ, ಇವೆಲ್ಲ ಆಮೇಲೆ ಬರುತ್ತವೆ. ಒಳಗಿರುವ ಗೆರೆಗಳು ಯಾವ ಅಳತೆಯವು, ಆ ಅಳತೆ ಯಾವ ಜೂಮ್‌ನಲ್ಲಿ ಸರಿ ಬರುತ್ತದೆ ಎಂದು ಕೇಳುವವರು ಅಪರೂಪ. ಆದರೆ ದೂರ ಅಳೆಯುವುದಕ್ಕೂ, ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಎಷ್ಟು ಕೆಳಗೆ ಬೀಳುತ್ತದೆಂದು ನೋಡಿ ಎತ್ತಿ ಹಿಡಿಯುವುದಕ್ಕೂ ಆ ಗೆರೆಗಳೇ ಆಧಾರ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) 10 ಮೀಟರ್ ಸ್ಪರ್ಧೆ ಆಡುವವರಿಗೆ ಇದರ ಗೊಡವೆ ಇಲ್ಲ. ಅಲ್ಲಿ ದೂರ ಬದಲಾಗುವುದಿಲ್ಲ, ಸ್ಕೋಪಿಗೆ ಅನುಮತಿಯೂ ಇಲ್ಲ, ಸಣ್ಣ ತೂತಿನ ಮೂಲಕ ನೋಡುವ ಪೀಪ್ ಸೈಟ್ ಅಷ್ಟೇ. ಬೇರೆ ಬೇರೆ ದೂರದ ಗುರಿಗಳಿಗೆ ಹೊಡೆಯುವ ಫೀಲ್ಡ್ ಟಾರ್ಗೆಟ್ ತರಹದ ಆಟಕ್ಕೆ ಬಂದರೆ ಮಾತ್ರ ಇದನ್ನು ಬಿಟ್ಟು ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ.

ಸ್ಕೋಪಿನೊಳಗಿನ ಈ ಗೆರೆಗಳಿಗೆ ರೆಟಿಕಲ್ ಎನ್ನುತ್ತಾರೆ. ರೆಟಿಕಲ್‌ಗೆ ಮೀಟರೂ ಗೊತ್ತಿಲ್ಲ, ಸೆಂಟಿಮೀಟರೂ ಗೊತ್ತಿಲ್ಲ. ಅದು ಅಳೆಯುವುದು ಕೋನವನ್ನು ಮಾತ್ರ. ಇದೊಂದು ಮಾತು ಗಟ್ಟಿಯಾಗಿ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಲೆಕ್ಕ. ಮಿಲ್ ಅಂದರೆ ಒಂದು ರೇಡಿಯನ್‌ನ (ಕೋನದ ಒಂದು ಮಾಪನ) ಸಾವಿರದಲ್ಲಿ ಒಂದು ಭಾಗ. ಆದ್ದರಿಂದ 1 ಮಿಲ್ ಅನ್ನುವುದು 1000 ಮೀಟರ್ ದೂರದಲ್ಲಿ 1 ಮೀಟರ್, 100 ಮೀಟರಿನಲ್ಲಿ 10 ಸೆಂಟಿಮೀಟರ್, 50 ಮೀಟರಿನಲ್ಲಿ 5, 10 ಮೀಟರಿನಲ್ಲಿ 1. ಯಾವ ದೂರಕ್ಕೆ ಹೋದರೂ ಸಾವಿರಕ್ಕೆ ಒಂದು.

ನಿಮ್ಮಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು ಇದನ್ನು ಆಗಲೇ ಮಾಡಿದ್ದೀರಿ, ಹೆಸರು ಮಾತ್ರ ಬೇರೆ. ಡಂಪಿ ಲೆವೆಲ್ ಅಥವಾ ಥಿಯೊಡೊಲೈಟ್ ಒಳಗೆ ನಡುಗೆರೆಯ ಮೇಲೊಂದು, ಕೆಳಗೊಂದು ಸಣ್ಣ ಸ್ಟೇಡಿಯಾ ಗೆರೆ ಇರುತ್ತದೆ. ಸ್ಟಾಫ್ (ಅಳತೆಯ ಕೋಲು) ಮೇಲೆ ಮೇಲಿನ ಗೆರೆಯ ರೀಡಿಂಗಿನಿಂದ ಕೆಳಗಿನದನ್ನು ಕಳೆದು 100ರಿಂದ ಗುಣಿಸಿದರೆ ದೂರ ಸಿಗುತ್ತದೆ. ಆ ಎರಡು ಗೆರೆಗಳ ನಡುವಿನ ಕೋನ ನೂರಕ್ಕೆ ಒಂದು, ಅಂದರೆ 10 ಮಿಲ್. ಸರ್ವೆಯಲ್ಲಿ ಕೋನ ಗೊತ್ತಿರುತ್ತದೆ, ಸ್ಟಾಫ್ ಮೇಲಿನ ಅಳತೆ ಓದುತ್ತೀರಿ. ಸ್ಕೋಪಿನಲ್ಲಿ ವಸ್ತುವಿನ ಅಳತೆ ಮೊದಲೇ ಗೊತ್ತಿರಬೇಕು, ಕೋನ ಓದುತ್ತೀರಿ. ತ್ರಿಕೋನ ಒಂದೇ.

ಎಂಓಎ ಅನ್ನುವುದು ಇನ್ನೊಂದು ಮಾಪನ, ಡಿಗ್ರಿಯ 60ರಲ್ಲಿ ಒಂದು ಭಾಗ. 100 ಮೀಟರಿನಲ್ಲಿ ಅದು 2.9 ಸೆಂಟಿಮೀಟರ್, ಒಂದು ಮಿಲ್‌ಗೆ 3.44 ಎಂಓಎ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಕಷ್ಟ ಬರುವುದು ಎರಡೂ ಕಲೆತಾಗ. ಕಡಿಮೆ ಬೆಲೆಯ ಎಷ್ಟೋ ಸ್ಕೋಪ್‌ಗಳಲ್ಲಿ ರೆಟಿಕಲ್ ಮಿಲ್‌ನದು, ಗುರಿ ಹೊಂದಿಸಲು ತಿರುಗಿಸುವ ತಿರುಪು, ಅಂದರೆ ಟರೆಟ್, ಮಾತ್ರ ಕಾಲು ಎಂಓಎ ಕ್ಲಿಕ್‌ನದು. ರೆಟಿಕಲ್‌ನಲ್ಲಿ "1 ಮಿಲ್ ಕೆಳಗೆ ಬಿತ್ತು" ಎಂದು ನೋಡಿದವರು ಅಭ್ಯಾಸಬಲದಿಂದ 10 ಕ್ಲಿಕ್ ಮೇಲಕ್ಕೆ ತಿರುಗಿಸುತ್ತಾರೆ. ಬೇಕಿದ್ದದ್ದು 14. ಟರೆಟ್ ಮುಚ್ಚಳ ತೆಗೆದು ಅದರ ಮೇಲೆ ಏನು ಕೆತ್ತಿದೆ ಎಂದು ಇವತ್ತೇ ಓದಿ. 0.1 ಮಿಲ್ ಎಂದಿದ್ದರೆ ಒಂದು ಕ್ಲಿಕ್ 100 ಮೀಟರಿನಲ್ಲಿ 1 ಸೆಂಟಿಮೀಟರ್. 1/4 ಎಂಓಎ ಎಂದಿದ್ದರೆ ಸುಮಾರು 7 ಮಿಲಿಮೀಟರ್.

ಅಳೆಯುವ ಮುನ್ನ ಕಣ್ಣಿಗೂ ಗಾಜಿಗೂ ಹೊಂದಿಸಿಕೊಳ್ಳಬೇಕು. ಕಣ್ಣಿನ ಕಡೆಯ ಉಂಗುರವನ್ನು ದೂರದ ದೃಶ್ಯ ಸ್ಪಷ್ಟವಾಗಲೆಂದು ತಿರುಗಿಸುವವರೇ ಹೆಚ್ಚು. ಅದು ಇರುವುದು ಗೆರೆ ಸ್ಪಷ್ಟವಾಗುವುದಕ್ಕೆ. ಬಿಳಿ ಗೋಡೆಯ ಕಡೆಗೋ, ಸೂರ್ಯ ಇಲ್ಲದ ಕಡೆಯ ಆಕಾಶಕ್ಕೋ ನೋಡಿ. ಕಣ್ಣಿಟ್ಟ ಆ ಕ್ಷಣದಲ್ಲೇ ಗೆರೆ ಕಪ್ಪಗೆ, ಚೂಪಾಗಿ ಕಾಣಬೇಕು. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಿದರೆ ಕಣ್ಣು ತಾನೇ ಹೊಂದಿಕೊಂಡು ಮೋಸ ಮಾಡುತ್ತದೆ. ಕಣ್ಣು ತೆಗೆದು, ದೂರ ನೋಡಿ, ಮತ್ತೆ ಇಡಿ. ಸೂರ್ಯನ ಕಡೆಗೆ ಸ್ಕೋಪ್ ತಿರುಗಿಸಿ ನೋಡಿದರೆ ಕಣ್ಣು ಶಾಶ್ವತವಾಗಿ ಹೋಗಬಹುದು, ಇದನ್ನು ಮಕ್ಕಳಿಗೂ ಹೇಳಿಡಿ.

ಆಮೇಲೆ ಪ್ಯಾರಲಾಕ್ಸ್. ಗುರಿಯ ಬಿಂಬ ಒಂದು ಕಡೆ, ಗೆರೆ ಇನ್ನೊಂದು ಕಡೆ ನಿಂತರೆ ತಲೆ ಅಲ್ಲಾಡಿದಂತೆ ಗೆರೆಯೂ ಗುರಿಯ ಮೇಲೆ ಅಲ್ಲಾಡುತ್ತದೆ. ದೊಡ್ಡ ರೈಫಲ್‌ಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಇದನ್ನು ಸಾಮಾನ್ಯವಾಗಿ 100 ಗಜಕ್ಕೆ ಕಟ್ಟಿರುತ್ತಾರೆ. ಅದನ್ನೇ ಏರ್ ರೈಫಲ್ ಮೇಲೆ ಕೂರಿಸಿ 15 ಮೀಟರಿಗೆ ನೋಡಿದರೆ ಗುರಿ ಮಸುಕು, ಪೆಲೆಟ್ ತೂತುಗಳ ಗುಂಪು ಹರಡುತ್ತದೆ, ನಾವು ಪೆಲೆಟ್‌ನ ಮೇಲೆ ತಪ್ಪು ಹೊರಿಸುತ್ತೇವೆ. ಮುಂದಿನ ಲೆನ್ಸಿನ ಬಳಿಯಾಗಲಿ ಪಕ್ಕದಲ್ಲಾಗಲಿ ಹೊಂದಿಸುವ ಉಂಗುರ ಇರುವ, 10 ಮೀಟರಿನವರೆಗೂ ಇಳಿಯುವ ಸ್ಕೋಪ್ ತೆಗೆದುಕೊಳ್ಳಿ. ಸ್ಪ್ರಿಂಗ್ ಗನ್ ಇರುವವರು ಇನ್ನೊಂದು ನೋಡಬೇಕು: ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ. ಆ ಮುಂದಿನ ಒದೆತ ತಡೆಯದ ಸ್ಕೋಪ್‌ಗಳಲ್ಲಿ ರೆಟಿಕಲ್ಲೇ ಸಡಿಲವಾಗುತ್ತದೆ, ಸ್ಕೋಪ್ ಹಿಡಿದಿಡುವ ಮೌಂಟ್ ಕೂಡ ಜರುಗುತ್ತದೆ. ಸ್ಟಾಪ್ ಪಿನ್ ಇರುವ ಮೌಂಟ್ ಹಾಕಿ.

ಈಗ ದೂರಕ್ಕೆ ಬರೋಣ. ವಸ್ತುವಿನ ಎತ್ತರವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಕಂಡ ಮಿಲ್‌ನಿಂದ ಭಾಗಿಸಿ. ಬಂದದ್ದು ಮೀಟರ್. ಸೂತ್ರ ಇಷ್ಟೇ. 450 ಮಿಲಿಮೀಟರ್ ಎತ್ತರದ ಹಲಗೆ 1.5 ಮಿಲ್ ಕಂಡರೆ 300 ಮೀಟರ್. ಎಂಓಎ ರೆಟಿಕಲ್ ಇರುವವರು ಸೆಂಟಿಮೀಟರನ್ನು 34.4ರಿಂದ ಗುಣಿಸಿ ಎಂಓಎಯಿಂದ ಭಾಗಿಸಿ.

ಅಭ್ಯಾಸಕ್ಕೆ ಎ4 ಹಾಳೆಗಿಂತ ಒಳ್ಳೆಯ ಸಾಮಾನು ಬೇರೆ ಬೇಡ. ಯಾವ ಜೆರಾಕ್ಸ್ ಅಂಗಡಿಯಲ್ಲಿ ತಂದರೂ 297 ಮಿಲಿಮೀಟರ್ ಉದ್ದ, 210 ಅಗಲ. ಉದ್ದುದ್ದ ನಿಲ್ಲಿಸಿದರೆ 50 ಮೀಟರಿನಲ್ಲಿ 5.9 ಮಿಲ್, 100 ಮೀಟರಿನಲ್ಲಿ 3 ಮಿಲ್‌ಗೆ ಒಂದು ಕೂದಲು ಕಡಿಮೆ. ರೇಂಜಿನಲ್ಲಿರುವವರಿಗೆ 50 ಮೀಟರ್ ರೈಫಲ್ ಟಾರ್ಗೆಟ್ಟೇ ಸಾಕು: ಅದರ ಕಪ್ಪು ಭಾಗದ ವ್ಯಾಸ 112.4 ಮಿಲಿಮೀಟರ್, 50 ಮೀಟರಿನಲ್ಲಿ 2.25 ಮಿಲ್ ಕಾಣಬೇಕು. ಒಬ್ಬರು ಟೇಪ್ ಹಿಡಿದು ಹಾಳೆಯನ್ನು ಎಲ್ಲೋ ನಿಲ್ಲಿಸಿ ಬರಲಿ, ಇನ್ನೊಬ್ಬರು ಗನ್ನಿಗೆ ಕೂರಿಸದ ಸ್ಕೋಪಿನಲ್ಲಿ ನೋಡಿ ದೂರ ಬರೆಯಲಿ. ಗನ್ ಮೇಲಿನ ಸ್ಕೋಪನ್ನು ದುರ್ಬೀನಿನಂತೆ ಬಳಸಬಾರದು. ನೋಡಲಿಕ್ಕೆಂದು ಎತ್ತಿದ ನಳಿಗೆಯೂ ಯಾರದೋ ಕಡೆಗೆ ತಿರುಗಿದ ನಳಿಗೆಯೇ.

ಓದುವುದರಲ್ಲಿ ಎಷ್ಟು ತಪ್ಪಾಗುತ್ತದೆ ಎನ್ನುವುದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಇದನ್ನೇ ಎಲ್ಲರೂ ದಾಟಿ ಹೋಗುವುದು. ಒಳ್ಳೆಯ ಕೈ, ಒಳ್ಳೆಯ ಆಸರೆ ಇದ್ದರೂ 0.1 ಮಿಲ್ ಆಚೀಚೆ ಸಹಜ. ಆ 450 ಮಿಲಿಮೀಟರ್ ಹಲಗೆಯನ್ನು 1.5ರ ಬದಲು 1.4 ಎಂದು ಓದಿದರೆ 300 ಮೀಟರ್ 321 ಆಗುತ್ತದೆ. ಅದೇ ಜಾಗದಲ್ಲಿ ನಿಂತಿರುವ ಏಳು ಅಡಿ ಬಾಗಿಲನ್ನು ಅಳೆದಿದ್ದರೆ? 2130 ಮಿಲಿಮೀಟರ್, 7.1 ಮಿಲ್. ಅಲ್ಲಿ 0.1 ತಪ್ಪಿದರೆ ಕೆಡುವುದು ನಾಲ್ಕೈದು ಮೀಟರ್ ಮಾತ್ರ. ಅಂದರೆ ಗುರಿಯನ್ನೇ ಅಳೆಯಬೇಕೆಂದಿಲ್ಲ, ಗುರಿಯ ಪಕ್ಕದಲ್ಲಿ ಅಳತೆ ಗೊತ್ತಿರುವ ಅತಿ ದೊಡ್ಡ ವಸ್ತು ಹುಡುಕಿ. ಎತ್ತರದ ಜೊತೆ ಅಗಲವನ್ನೂ ಓದಿ ಎರಡು ಉತ್ತರ ಹೋಲಿಸಿ. ಗೆರೆಯನ್ನು ವಸ್ತುವಿನ ನಡುವಿಗೆ ಇಟ್ಟು ಅಂದಾಜು ಮಾಡಬೇಡಿ. ಒಂದು ಗೆರೆಯ ಅಂಚನ್ನು ತಳಕ್ಕೆ ಕೂರಿಸಿ, ತುದಿ ಎಲ್ಲಿ ಮುಟ್ಟುತ್ತದೆಂದು ನೋಡಿ. ಹಳೆಯ ಮಿಲ್-ಡಾಟ್ ಆದರೆ ಚುಕ್ಕಿಯ ನಡುವಿನಿಂದ ಮುಂದಿನ ಚುಕ್ಕಿಯ ನಡುವಿಗೆ 1 ಮಿಲ್. ಚುಕ್ಕಿಗೇ ಸುಮಾರು ಕಾಲು ಮಿಲ್ ದಪ್ಪ ಇರುವುದರಿಂದ ಅಂಚಿನಿಂದ ಅಂಚಿಗೆ ಓದಿದರೆ ಲೆಕ್ಕ ಕೆಟ್ಟಿತು.

ವಸ್ತುವಿನ ಅಳತೆ ತಪ್ಪಿದರೂ ಅಷ್ಟೇ. ಅಳತೆಯಲ್ಲಿ ನೂರಕ್ಕೆ 10 ತಪ್ಪು ಎಂದರೆ ದೂರದಲ್ಲೂ ನೂರಕ್ಕೆ 10. ಹೊಲದ ಅಂಚಿನ ಕರೆಂಟು ಕಂಬವನ್ನು ನೋಡಿ: 8 ಮೀಟರಿನ ಸಿಮೆಂಟ್ ಕಂಬವನ್ನು ಒಂದೂವರೆ ಮೀಟರ್ ಹೂಳುತ್ತಾರೆ, ಕಾಣುವುದು ಆರೂವರೆ. 8 ಎಂದೇ ಹಿಡಿದರೆ 500 ಮೀಟರ್ ಇದ್ದದ್ದು 615 ಎಂದು ಬರುತ್ತದೆ. ಅದೇ ಸಾಲಿನಲ್ಲಿ 9 ಮೀಟರಿನ ಕಂಬವೂ ಇರಬಹುದು. ಆದ್ದರಿಂದ ಕಂಬ ಅಭ್ಯಾಸಕ್ಕೆ ಸರಿ, ನಂಬಿಕೆಗೆ ಅಲ್ಲ. ಇನ್ನು ಮಾರ್ಚ್, ಏಪ್ರಿಲ್ ಮಧ್ಯಾಹ್ನ ಪಾವಗಡ, ಶಿರಾ ಕಡೆಯ ಬಯಲಿನಲ್ಲಿ ನೆಲದ ಮೇಲೆ ಬಿಸಿಗಾಳಿ ಕುಣಿಯುವಾಗ ವಸ್ತುವಿನ ತಳವೇ ಕಾಣುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಓದಿ. ಮಧ್ಯಾಹ್ನವೇ ಓದಬೇಕಾಗಿ ಬಂದರೆ ಜೂಮ್ ಕಡಿಮೆ ಮಾಡಿ, ನಡುಕವೂ ಕಡಿಮೆ ಕಾಣುತ್ತದೆ. ಹಾಗೆ ಮಾಡುವಾಗ ಏನು ಕೆಡಬಹುದು ಎಂದು ಈಗ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಬೇರೆ ಮಾತು. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ನಿಮಗೆಲ್ಲ ಗೊತ್ತು. ಪ್ರಾಣಿ ಎಣಿಸುವವರಿಗೆ ಸಂಖ್ಯೆಯ ಜೊತೆಗೆ ದೂರವೂ ಬೇಕಾಗುತ್ತದೆ, ಆ ದೂರದಿಂದಲೇ ಕಾಣದೆ ಉಳಿದವು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾರೆ. ಮಿಲ್ ಗೆರೆ ಇರುವ ಬೈನಾಕ್ಯುಲರ್ ಅಲ್ಲಿ ಉಪಯೋಗಕ್ಕೆ ಬರುತ್ತದೆ: ಬೆಳೆದ ಕೃಷ್ಣಮೃಗದ ಭುಜದ ಎತ್ತರ ಸುಮಾರು 80 ಸೆಂಟಿಮೀಟರ್, 2 ಮಿಲ್ ಕಂಡರೆ 400 ಮೀಟರ್. ಅಲ್ಲಿಗೆ ಬೈನಾಕ್ಯುಲರ್ ಮಾತ್ರ ಹೋಗಬೇಕು. ಏರ್ ಗನ್ನಿಗೆ ಲೈಸೆನ್ಸ್ ಬೇಡ ಎಂದುಕೊಂಡು ಕೌಜುಗ, ಮೊಲದ ಹಿಂದೆ ಹೋಗುವವರು ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಕೈಯಲ್ಲಿ ಯಾವ ಗನ್ ಇತ್ತು ಎಂಬುದು ಮುಖ್ಯವಲ್ಲ, ಬೇಟೆ ಅಪರಾಧ. ನಾವು ಇಲ್ಲಿ ಮಾತಾಡುತ್ತಿರುವುದೆಲ್ಲ ಕಾಗದ ಮತ್ತು ತಗಡಿನ ಗುರಿಗೆ.

ಈಗ ಜೂಮ್ ವಿಷಯ. ಸ್ಕೋಪಿನೊಳಗೆ ರೆಟಿಕಲ್ ಕೂರುವುದಕ್ಕೆ ಎರಡು ಜಾಗ ಇದೆ. ಮೊದಲ ಫೋಕಲ್ ಪ್ಲೇನ್‌ನಲ್ಲಿ ಕೂತಿದ್ದರೆ ಜೂಮ್ ಹೆಚ್ಚಿಸಿದಂತೆ ಗುರಿಯೂ ದೊಡ್ಡದಾಗುತ್ತದೆ, ಗೆರೆಯೂ ದೊಡ್ಡದಾಗುತ್ತದೆ. 1 ಮಿಲ್ ಯಾವಾಗಲೂ 1 ಮಿಲ್. ಎರಡನೆಯ ಪ್ಲೇನ್‌ನಲ್ಲಿ ಕೂತಿದ್ದರೆ ಗುರಿ ಮಾತ್ರ ದೊಡ್ಡದಾಗುತ್ತದೆ, ಗೆರೆ ಇದ್ದಷ್ಟೇ ಇರುತ್ತದೆ. ಅಂಥದರಲ್ಲಿ ಗೆರೆಯ ಅಳತೆ ಒಂದೇ ಒಂದು ಜೂಮ್‌ಗೆ ಸರಿ, ಹೆಚ್ಚಾಗಿ ಕಡೆಯ ಜೂಮ್‌ಗೆ, ಕೆಲವದರಲ್ಲಿ 10ಕ್ಕೆ. ನಮ್ಮಲ್ಲಿ ಬಳಕೆಯಲ್ಲಿರುವ ಅಗ್ಗದ ಸ್ಕೋಪ್‌ಗಳು ಬಹುತೇಕ ಎರಡನೆಯ ಜಾತಿ. 12ಕ್ಕೆ ಸರಿಯಿರುವ ಸ್ಕೋಪನ್ನು 6ಕ್ಕೆ ಇಳಿಸಿದರೆ ಪ್ರತಿ ಗೆರೆಯೂ 2 ಮಿಲ್ ಆಗುತ್ತದೆ. ಹಲಗೆ 1.5 ಕಂಡಿತು, 300 ಮೀಟರ್ ಎಂದಿರಿ. ನಿಜಕ್ಕೂ ಅದು 3 ಮಿಲ್, ದೂರ 150. ಎತ್ತಿ ಹಿಡಿಯುವಾಗಲೂ ಇದೇ ತಪ್ಪು ಇಮ್ಮಡಿಯಾಗಿ ಬರುತ್ತದೆ. ಲೆಕ್ಕ ಸರಳ: ಸರಿಯಿರುವ ಜೂಮನ್ನು ಈಗಿನ ಜೂಮ್‌ನಿಂದ ಭಾಗಿಸಿ, ಗೆರೆಯ ಬೆಲೆಯನ್ನು ಅದರಿಂದ ಗುಣಿಸಿ. ಆದರೆ ಜೂಮ್ ಉಂಗುರದ ಮೇಲೆ ಅಚ್ಚು ಹಾಕಿದ ಅಂಕಿ ನಿಖರವಾಗಿರುತ್ತದೆ ಎನ್ನುವ ಭರವಸೆ ಇಲ್ಲ. 50 ಮೀಟರ್ ಟೇಪಿನಲ್ಲಿ ಅಳೆದು ಎ4 ಹಾಳೆ ನಿಲ್ಲಿಸಿ. ಹಾಳೆ 5.9 ಮಿಲ್ ತುಂಬುವ ತನಕ ಜೂಮ್ ತಿರುಗಿಸಿ, ಅಲ್ಲಿ ಉಂಗುರಕ್ಕೆ ಬಿಳಿ ಪೇಂಟಿನ ಚುಕ್ಕಿ ಇಡಿ. ಆ ಸ್ಕೋಪಿನಲ್ಲಿ ಅಳೆಯುವುದೂ ಎತ್ತಿ ಹಿಡಿಯುವುದೂ ಆ ಚುಕ್ಕಿಯ ಮೇಲೆಯೇ. ಯಾವ ಜೂಮ್‌ನಲ್ಲೂ 5.9 ಬರದಿದ್ದರೆ ಪೆಟ್ಟಿಗೆಯ ಮೇಲೆ ಮಿಲ್ ಎಂದು ಬರೆದದ್ದನ್ನು ಮರೆತು, ನಿಮ್ಮ ಗೆರೆಯ ಬೆಲೆ ಎಷ್ಟೋ ಅದನ್ನೇ ಬರೆದಿಟ್ಟುಕೊಳ್ಳಿ.

ಇನ್ನು ಎತ್ತಿ ಹಿಡಿಯುವುದು. ಸ್ಕೋಪ್ ನಳಿಗೆಯ ಮೇಲೆ ಕೂತಿದೆ, ನಡುವಿನಿಂದ ನಡುವಿಗೆ ನಾಲ್ಕೂವರೆ ಸೆಂಟಿಮೀಟರ್ ಇರಲಿ. ದೃಷ್ಟಿ ನೇರ ಹೋಗುತ್ತದೆ, ಪೆಲೆಟ್ ಅದರ ಕೆಳಗಿನಿಂದ ಹೊರಟು, ಏರಿ ಅದನ್ನು ದಾಟಿ, ಮತ್ತೆ ಇಳಿಯುತ್ತದೆ. ಪಾಯಿಂಟ್ ಒನ್ ಸೆವೆನ್ ಸೆವೆನ್ ಏರ್ ರೈಫಲ್, 0.54 ಗ್ರಾಂ ಗುಂಡುತಲೆಯ ಪೆಲೆಟ್, ಸೆಕೆಂಡಿಗೆ 240 ಮೀಟರ್ ವೇಗ, 30 ಮೀಟರಿಗೆ ಝೀರೋ ಮಾಡಿದ್ದು (ಆ ದೂರದಲ್ಲಿ ನಡುಗೆರೆ ಇಟ್ಟಲ್ಲೇ ಪೆಲೆಟ್ ಬೀಳುವಂತೆ ಹೊಂದಿಸಿದ್ದು) ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 15 ಮೀಟರಿನಲ್ಲಿ ಪೆಲೆಟ್ ಮೊದಲ ಸಲ ದೃಷ್ಟಿರೇಖೆ ಮುಟ್ಟುತ್ತದೆ. 20, 25 ಮೀಟರಿನಲ್ಲಿ ಅರ್ಧ ಸೆಂಟಿಮೀಟರಿಗೂ ತುಸು ಹೆಚ್ಚು ಮೇಲಿರುತ್ತದೆ, ಅಂದರೆ ಕಾಲು ಮಿಲ್. 30ಕ್ಕೆ ಸೊನ್ನೆ. 35ಕ್ಕೆ 0.3 ಮಿಲ್ ಕೆಳಗೆ, 40ಕ್ಕೆ 0.7, 45ಕ್ಕೆ 1.2, 50ಕ್ಕೆ 1.7.

ಈಗ ಹತ್ತಿರಕ್ಕೆ ಬನ್ನಿ. 10 ಮೀಟರಿಗೆ 1 ಮಿಲ್ ಕೆಳಗೆ, 8 ಮೀಟರಿಗೆ ಸುಮಾರು 2 ಮಿಲ್. 50 ಮೀಟರಿಗೆ ಬೇಕಾದದ್ದಕ್ಕಿಂತ ಹೆಚ್ಚು! ಪೆಲೆಟ್ ಅಲ್ಲಿ ಬಿದ್ದಿಲ್ಲ, ಇನ್ನೂ ಮೇಲೆ ಏರಿಯೇ ಇಲ್ಲ. "ಹತ್ತಿರ ತಾನೆ, ನಡುಗೆರೆ ಇಟ್ಟರಾಯಿತು" ಎಂದು ಹೊಡೆದವರ ಪೆಲೆಟ್ ಸಣ್ಣ ಗುರಿಯ ಕೆಳಗೆ ಹೋಗುವುದು ಇದಕ್ಕೇ. ಪಾಯಿಂಟ್ ಟೂ-ಟೂ ಇರುವವರಿಗೆ, 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಸಾಧಾರಣ ವೇಗದ ಗುಂಡು, 50 ಮೀಟರ್ ಝೀರೋ ಆದರೆ 100 ಮೀಟರಿಗೆ 2 ಮಿಲ್ ಮತ್ತು ಸ್ವಲ್ಪ.

ಹೊಸಬರು ದಿಕ್ಕಿನಲ್ಲಿ ಎಡವುತ್ತಾರೆ. ಪೆಲೆಟ್ ಕೆಳಗೆ ಬೀಳುತ್ತದೆ ಎಂದಾದರೆ ನಡುಗೆರೆ ಗುರಿಗಿಂತ ಮೇಲಕ್ಕೆ ಹೋಗಬೇಕು, ಆಗ ಗುರಿಯ ಮೇಲೆ ಕೂರುವುದು ನಡುಗೆರೆಗಿಂತ ಕೆಳಗಿನ ಗೆರೆ. 45 ಮೀಟರಿಗೆ ಕೆಳಗಿನ 1.2ರ ಜಾಗವನ್ನು ಗುರಿಯ ಮೇಲೆ ಇಡಿ. ಗಾಳಿಯಲ್ಲಿ ಮನಸ್ಸಿನಲ್ಲೇ ಸೆಂಟಿಮೀಟರ್ ಅಳೆದು ಮೇಲೆ ಹಿಡಿಯುವ ಚಾಳಿ ಬಿಡಿ. ಗೆರೆ ಇರುವುದೇ ಆ ಅಂದಾಜು ತಪ್ಪಿಸಲಿಕ್ಕೆ.

ದೂರ ತಪ್ಪಿದರೆ ಎಷ್ಟು ನಷ್ಟ ಎಂದು ಈ ಅಂಕಿಗಳಲ್ಲೇ ಕಾಣುತ್ತದೆ. 20ರಿಂದ 30ರವರೆಗೆ ಐದು ಮೀಟರ್ ತಪ್ಪಿದರೂ ಏನೂ ಆಗುವುದಿಲ್ಲ. 45 ಮೀಟರಿನ ಗುರಿಯನ್ನು 40 ಎಂದು ಓದಿದರೆ ಅರ್ಧ ಮಿಲ್ ಕಡಿಮೆ ಹಿಡಿಯುತ್ತೀರಿ, ಪೆಲೆಟ್ 2 ಸೆಂಟಿಮೀಟರಿಗೂ ಹೆಚ್ಚು ಕೆಳಗೆ. ಫೀಲ್ಡ್ ಟಾರ್ಗೆಟ್‌ನ 40 ಮಿಲಿಮೀಟರ್ ವೃತ್ತದಲ್ಲಿ ನಡುವಿನಿಂದ ಅಂಚಿಗಿರುವುದೇ 2 ಸೆಂಟಿಮೀಟರ್. ಹಾಗಾಗಿ ದೂರ ಅಳೆಯುವ ಶ್ರಮವನ್ನು 35 ಮೀಟರಿನಾಚೆಗೂ 12 ಮೀಟರಿನೊಳಗೂ ಹಾಕಿ.

ವಾಲಿಕೆ ಅನ್ನುವುದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೈಫಲ್ 5 ಡಿಗ್ರಿ ಬಲಕ್ಕೆ ವಾಲಿದ್ದರೆ, ಇದೇ ಗನ್ನಿನಲ್ಲಿ 50 ಮೀಟರಿಗೆ ಪೆಲೆಟ್ 2 ಸೆಂಟಿಮೀಟರಿಗೂ ಹೆಚ್ಚು ಬಲಕ್ಕೆ ಹೋಗುತ್ತದೆ. 5 ಡಿಗ್ರಿ ಬರಿಗಣ್ಣಿಗೆ ತಿಳಿಯುವುದೇ ಕಷ್ಟ. ಸ್ಕೋಪ್ ಕೂರಿಸುವಾಗ ಗಾರೆ ಕೆಲಸದವರ ತೂಕದ ಗುಂಡನ್ನು 20 ಮೀಟರಿನಲ್ಲಿ ನೇತುಹಾಕಿ, ಗಾಳಿ ಇಲ್ಲದಾಗ ಆ ದಾರಕ್ಕೆ ರೆಟಿಕಲ್‌ನ ಉದ್ದ ಗೆರೆ ಹೊಂದಿಸಿ, ಆಗ ರೈಫಲ್ ನೆಟ್ಟಗಿರಲಿ. ರಿಂಗ್‌ಗಳ ಸ್ಕ್ರೂ ಬಿಗಿಮಾಡುವಾಗ ಸ್ಕೋಪ್ ಸ್ವಲ್ಪ ತಿರುಗಿಬಿಡುತ್ತದೆ. ಆದ್ದರಿಂದ ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಕೊನೆಗೆ ದಾರಕ್ಕೆ ಇನ್ನೊಮ್ಮೆ ನೋಡಿ.

ಗಾಳಿಗೂ ಇದೇ ಗೆರೆಗಳು, ಅಡ್ಡ ಸಾಲಿನಲ್ಲಿ. ಗಂಟೆಗೆ 10 ಕಿಲೋಮೀಟರ್ ಅಡ್ಡಗಾಳಿ ಈ ಪೆಲೆಟ್ಟನ್ನು 30 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್, 50 ಮೀಟರಿನಲ್ಲಿ 9 ಸೆಂಟಿಮೀಟರ್ ತಳ್ಳುತ್ತದೆ. 50ಕ್ಕೆ ಅದು 1.8 ಮಿಲ್, ಬೀಳುವಿಕೆಗಿಂತ ಕಡಿಮೆಯೇನಲ್ಲ. ಆಷಾಢದಲ್ಲಿ ನಮ್ಮ ಬಯಲುಸೀಮೆಯ ಗಾಳಿ ಇದಕ್ಕಿಂತ ಬಹಳ ಜೋರು. ಆಗ 50 ಮೀಟರಿಗೆ ಹಠ ಹಿಡಿಯಬೇಡಿ, 25ರಲ್ಲಿ ಅಭ್ಯಾಸ ಮಾಡಿ.

ಫೋನಿನ ಬ್ಯಾಲಿಸ್ಟಿಕ್ ಆ್ಯಪ್ (ಗುಂಡಿನ ದಾರಿ ಲೆಕ್ಕ ಹಾಕುವ ಆ್ಯಪ್) ಬಳಸುವವರಿಗೆ ಒಂದು ಎಚ್ಚರಿಕೆ. ನಾನು ಹೇಳಿದ ಅಂಕಿಗಳು ಸಮುದ್ರಮಟ್ಟದ ಗಾಳಿಗೆ. ಆ್ಯಪ್‌ಗಳೂ ನೀವು ಬದಲಿಸದಿದ್ದರೆ ಸಾಮಾನ್ಯವಾಗಿ ಅಲ್ಲಿಂದಲೇ, 15 ಡಿಗ್ರಿ ಸೆಲ್ಸಿಯಸ್‌ನಿಂದ, ಶುರು ಮಾಡುತ್ತವೆ. ತುಮಕೂರು, ಕೋಲಾರ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಆ ಲೆಕ್ಕದ ಗಾಳಿಗಿಂತ ನೂರಕ್ಕೆ 13ರಷ್ಟು ತೆಳು. ಪೆಲೆಟ್‌ಗೆ 50 ಮೀಟರಿನಲ್ಲಿ ಅದರಿಂದ ಆಗುವ ವ್ಯತ್ಯಾಸ 0.1 ಮಿಲ್, ಅಡ್ಡಗಾಳಿಯ ತಳ್ಳಾಟವೂ ಅಷ್ಟೇ ಅನುಪಾತದಲ್ಲಿ ಕಡಿಮೆ. ದೂರ ಹೆಚ್ಚಿದಷ್ಟೂ ಇದು ಬೆಳೆಯುತ್ತದೆ. ಒತ್ತಡದ ಅಂಕಿ ಹಾಕುವಾಗ ಹುಷಾರು: ಹವಾಮಾನದ ಆ್ಯಪ್ ತೋರಿಸುವ 1010 ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು. ಇಲ್ಲಿ ನಿಜವಾಗಿ ಇರುವುದು 920ರ ಆಸುಪಾಸು. 1010 ಹಾಕಿದರೆ ನಿಮ್ಮನ್ನು ಅದು ಮಂಗಳೂರಿನ ಕಡಲತೀರದಲ್ಲಿ ನಿಲ್ಲಿಸಿ ಲೆಕ್ಕ ಮಾಡುತ್ತದೆ.

ಬಿ.ಡಿ.ಸಿ. (BDC, ಗುಂಡು ಬೀಳುವುದನ್ನು ಸರಿದೂಗಿಸುವ) ಎಂಬ ರೆಟಿಕಲ್‌ಗಳಲ್ಲಿ ಗೆರೆಗಳ ಪಕ್ಕದಲ್ಲಿ ದೂರವನ್ನೇ ಬರೆದಿರುತ್ತಾರೆ. ಅವು ಯಾವುದೋ ಒಂದು ಗುಂಡಿಗೆ, ಒಂದು ವೇಗಕ್ಕೆ, ಒಂದು ಎತ್ತರದ ಊರಿಗೆ ಮಾಡಿದ್ದು. ಆ ಅಂಕಿಗಳನ್ನು ನಂಬಬೇಡಿ. ಗೆರೆಗಳನ್ನು ಬರೀ ಗೆರೆ ಎಂದುಕೊಂಡು, ನಿಮ್ಮ ಗನ್ನಿನಲ್ಲಿ ಪ್ರತಿಯೊಂದು ಯಾವ ದೂರಕ್ಕೆ ಬರುತ್ತದೆಂದು ಹೊಡೆದು ನೋಡಿ. ಮೂರನೆಯ ಗೆರೆ 43 ಮೀಟರ್ ಎಂದು ಬಂದರೆ ಅದು 43 ಮೀಟರಿನ ಗೆರೆ.

ಹೊಡೆದು ನೋಡುವ ಕ್ರಮ ಹೀಗೆ. ಗಾಳಿ ಇಲ್ಲದ ಬೆಳಿಗ್ಗೆ, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವ ರೇಂಜಿನಲ್ಲಿ, 30 ಮೀಟರ್ ಝೀರೋ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಟರೆಟ್ ಮುಟ್ಟಬಾರದು. 8, 10, 15, 20ರಿಂದ ಐದೈದು ಮೀಟರಿಗೆ 50ರ ತನಕ ಟೇಪ್ ಹಿಡಿದು ಗುರುತು ಹಾಕಿ. ಒಂದೊಂದು ದೂರದಲ್ಲೂ ನಡುಗೆರೆಯನ್ನು ಚುಕ್ಕಿಗೆ ಇಟ್ಟು ಐದು ಪೆಲೆಟ್ ಹೊಡೆಯಿರಿ, ಚುಕ್ಕಿಯಿಂದ ಗುಂಪಿನ ನಡುವಿಗೆ ಎಷ್ಟು ಮಿಲಿಮೀಟರ್ ಎಂದು ಸ್ಕೇಲಿನಲ್ಲಿ ಅಳೆಯಿರಿ, ಅದನ್ನು ದೂರದ ಮೀಟರಿನಿಂದ ಭಾಗಿಸಿ. ಬಂದದ್ದೇ ಮಿಲ್. ಒಂದು ಗುಂಡು ದೂರ ಹಾರಿದ್ದರೆ ಅದನ್ನು ಬಿಟ್ಟು ಲೆಕ್ಕ ಮಾಡಬೇಡಿ, ಆ ದೂರವನ್ನು ಪೂರ್ತಿ ಮತ್ತೆ ಹೊಡೆಯಿರಿ. ಆ್ಯಪ್ ಹೇಳಿದ್ದಕ್ಕೂ ಕಾಗದ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ ಕಾಗದದ್ದೇ ಸರಿ. ಆ್ಯಪ್‌ನಲ್ಲಿ ವೇಗವನ್ನೋ ಪೆಲೆಟ್‌ನ ಬಿ.ಸಿ. (ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಎನ್ನುವ) ಅಂಕಿಯನ್ನೋ ತಿದ್ದಿ ಕಾಗದಕ್ಕೆ ಹೊಂದಿಸಿ. ಸ್ಕೋಪಿನ ಎತ್ತರ ತಪ್ಪು ಹಾಕಿದ್ದರೆ ಹತ್ತಿರದ ಅಂಕಿಗಳು ಮೊದಲು ಕೆಡುತ್ತವೆ, ವೇಗ ತಪ್ಪಿದ್ದರೆ ದೂರದವು. ಯಾವ ಕಡೆ ಹೊಂದುತ್ತಿಲ್ಲ ಎಂದು ನೋಡಿದರೆ ಯಾವುದನ್ನು ತಿದ್ದಬೇಕೆಂದು ತಿಳಿಯುತ್ತದೆ.

ಬಂದ ಅಂಕಿಗಳನ್ನು ಎರಡೇ ಕಾಲಂ ಮಾಡಿ, ದೂರ ಮತ್ತು ಮಿಲ್, ಸ್ಟಾಕಿನ (ಗನ್ನಿನ ಹಿಡಿ ಭಾಗದ) ಎಡಬದಿಗೆ ಅಂಟಿಸಿ ಮೇಲೆ ಪಾರದರ್ಶಕ ಟೇಪ್ ಹಾಕಿ. ಅದರ ತಲೆಯಲ್ಲಿ ಪೆಲೆಟ್‌ನ ಹೆಸರು, ತೂಕ, ತಾರೀಖು ಮತ್ತು ಜೂಮ್ ಇರಲಿ. ಪೆಲೆಟ್ ಬದಲಾದರೆ, ಸ್ಪ್ರಿಂಗ್ ಅಥವಾ ಸೀಲ್ ಹೊಸದು ಹಾಕಿಸಿದರೆ, ಸ್ಕೋಪ್ ಬಿಚ್ಚಿ ಕೂರಿಸಿದರೆ ಆ ಚೀಟಿ ಕಿತ್ತು ಹೊಸದು ಬರೆಯಿರಿ. ಅದೇ ಪೆಲೆಟ್‌ನ ಹೊಸ ಡಬ್ಬಿ ತೆಗೆದಾಗ 30 ಮತ್ತು 45 ಮೀಟರಿಗೆ ಐದೈದು ಹೊಡೆದು ನೋಡಿದರೆ ಸಾಕು.